ಮೂರು ಕಟ್ಟಿನ ಹತ್ತಿ

ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಎಲ್ಲಕ್ಕಿಂತ ಚೆಂದದ ಗಿಡ ಆರಿಸಿ, ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಸುತ್ತ ನೈವೇದ್ಯದ ಅಡುಗೆಯನ್ನು ಚರಗವೆಂದು ಚೆಲ್ಲುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ಸೇಡಂ ಹತ್ತಿರದ ನಮ್ಮ ಹೊಲದಲ್ಲಿ ಅತ್ತೆ ಆರಿಸಿದ್ದು ಆಳೆತ್ತರದ ಒಂದು ಹತ್ತಿ ಗಿಡ. ಮೈತುಂಬ ಹೂ. ಅತ್ತೆ ಅದಕ್ಕೆ ಖಣದ ಬಟ್ಟೆ ಸುತ್ತುವಾಗ ನನ್ನ ಗಂಡ ನಕ್ಕರು.

“ಯವ್ವಾ, ಬ್ಯಾರೆ ಗಿಡ ನೋಡು. ಅದು ಒಂದು ಕಾಯೀನೂ ಹಿಡಿಯಂಗಿಲ್ಲ.”

“ಇಷ್ಟು ಹೂ ಬಿಟ್ಟಾದ, ಯಾಕ ಹಿಡಿಯಂಗಿಲ್ಲೋ?”

ಅವರು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನಮ್ಮ ನಾಡಿನ ಜವಾರಿ ಹತ್ತಿಯ ಹೂವಿಗೆ ಅಮೆರಿಕನ್ ಹತ್ತಿಯ ಪರಾಗ ಮುಟ್ಟಿಸಿ ಈ ಗಿಡ ಬರಿಸಿದ್ದರು. ಜವಾರಿಯ ಜೀವಕೋಶದಲ್ಲಿ ವರ್ಣತಂತುಗಳ ಎರಡು ಕಟ್ಟು, ಅಮೆರಿಕನ್ ಹತ್ತಿಯದರಲ್ಲಿ ನಾಲ್ಕು. ಎರಡರಿಂದಲೂ ಅರ್ಧರ್ಧ ಬಂದು ಇದಕ್ಕೆ ಮೂರು.

“ಬೀಜ ಆಗ್ಬೇಕಂದ್ರ ಜೋಡಿ ಕೂಡಬೇಕು. ಮೂರು ಇದ್ರ ಒಂದು ಒಂಟಿ ಉಳೀತದ.”

“ಹಂಗಾರ ಅದಕ್ಕೊಂದು ಜೋಡಿ ಹುಡುಕೋ ಮಾಸ್ತರಾ!”

“ಅದನ್ನೇ ಮಾಡಾಕತ್ತೀನಿ,” ಎಂದರು. ಈ ಸಲ ನಗಲಿಲ್ಲ.

ಬಹಳ ಹಿಂದೆ ಎಲ್ಲೋ ಎರಡು ಹತ್ತಿಗಳು ಬೆರೆತು, ಹುಟ್ಟಿದ ಬಂಜೆ ಗಿಡದಲ್ಲಿ ಕಟ್ಟುಗಳು ತಾವಾಗಿಯೇ ಇಮ್ಮಡಿಯಾಗಿ, ಅಮೆರಿಕನ್ ಹತ್ತಿ ಹೊಸ ಜಾತಿಯಾಗಿ ನಿಂತಿತಂತೆ. ಕಟ್ಟುಗಳನ್ನು ಹಾಗೆ ಇಮ್ಮಡಿಯಾಗಿಸುವ ಒಂದು ಔಷಧಿಯನ್ನು ಅವರು ಈ ಗಿಡದ ಒಂದು ಟೊಂಗೆಯ ಚಿಗುರಿಗೆ ಹಚ್ಚುತ್ತಿದ್ದರು; ಮೂರು ಆರಾದರೆ ಎಲ್ಲಕ್ಕೂ ಜೋಡಿ.

ಯುಗಾದಿಗೆ ಮುಂಚೆ ಅವರಿಗೆ ಕಾಮಾಲೆಯಾಯಿತು. ಆಸ್ಪತ್ರೆಯಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: “ಆ ಟೊಂಗಿ ದಪ್ಪ ಎಲಿ ಬಿಟ್ಟಾದೇನು?” ಔಷಧಿ ಹತ್ತಿದ್ದರ ಗುರುತು ಅದು. ಬಿಟ್ಟಿತ್ತು. ಹೇಳಿದೆ. ಆಮೇಲೆ ಹೆಚ್ಚು ದಿನ ಇರಲಿಲ್ಲ.

ಬೆಳೆ ಮುಗಿದ ಹತ್ತಿ ಗಿಡಗಳನ್ನು ಕೀಳುವ ಆಳುಗಳಿಗೆ ಅತ್ತೆ, “ಇದೊಂದು ಬಿಡ್ರಿ,” ಅಂದರು. ಬೇಸಗೆಯೆಲ್ಲ ಕರಿ ನೆಲದಲ್ಲಿ ಅದೊಂದೇ ನಿಂತಿತ್ತು.

ಮುಂದಿನ ಎಳ್ಳಮಾವಾಸ್ಯೆಗೆ ನನಗೆ ಹೊಲಕ್ಕೆ ಹೋಗುವ ಮನಸ್ಸಿರಲಿಲ್ಲ. ಬುತ್ತಿ ಹೊತ್ತು ಅತ್ತೆಯ ಹಿಂದೆ ನಡೆದೆ, ಬದುವಿನ ಮೇಲೆ ಕುಳಿತುಬಿಟ್ಟೆ. ಅತ್ತೆ ಅದೇ ಗಿಡದ ಬುಡದಲ್ಲಿ ಕಲ್ಲಿಡಲು ಬಗ್ಗಿದವರು ಹಾಗೇ ನಿಂತರು. ಔಷಧಿ ಹಚ್ಚಿದ ಟೊಂಗೆಯಲ್ಲಿ ಒಂದು ಕಾಯಿ.

“ಮಾಸ್ತರಾ, ಹಿಡೀತು ನೋಡೋ,” ಅಂದರು, ಯಾರೂ ಇಲ್ಲದ ಕಡೆಗೆ.

ಕಾಯಿ ಬಿರಿದ ಮೇಲೆ ಬೀಜ ಬಿಡಿಸಿದೆವು. ಉಗುರು ಒತ್ತಿದರೆ ಪುಡಿಯಾಗುವ ಜೊಳ್ಳು. ಒಂದು ಮಾತ್ರ ಗಟ್ಟಿ.

“ಬಿತ್ತೋಣೇನವ್ವಾ?”

“ನನಗೇನು ತಿಳೀತದ ಅತ್ತಿ. ಅವರಿದ್ರ ಹೇಳ್ತಿದ್ರು.”

ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬಿತ್ತನೆಯ ಮೃಗಶಿರ ಮಳೆ ಬರುವವರೆಗೂ ಸೀರೆ ಬದಲಿಸಿದಾಗಲೆಲ್ಲ ಆ ಗಂಟನ್ನೂ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದರು.