ಅರ್ಧಾ ಚಹಾ ಬಿಟ್ಟ ಬೀಗರು

ನಾ ಮೊಬೈಲ್‌ನಾಗ ಬರದು ಹಾಕಿದ್ದಕ್ಕ ಬರೇ ಹೆಬ್ಬಟ್ಟು ಒತ್ತಿ ಮುಂದ ಓಡ್ತೀರಲ್ಲ, ಓದಾಕ ಏನ್ ಕಣ್ಣು ಸವೀತಾವ ನಿಮಗ? ಇವತ್ತರ ಪೂರ್ತಿ ಓದ್ರಿ.

ನಮ್ಮ ಮೊಮ್ಮಗ ಬಸು, ಆಲಮಟ್ಟ್ಯಾಗ ತನ್ನ ಜೋಡಿ ಕೆಲಸ ಮಾಡೋ ಹರಿಯಾಣಾದ ಹುಡುಗಿನ್ನ ಮದುವಿ ಆಗ್ತೇನಿ ಅಂದಾನ. ಹುಡುಗಿ ಅಪ್ಪ ಇವತ್ತ ಮುಂಜಾನೆ ನಮ್ಮ ಕೊಲ್ಹಾರದ ಮನಿ ನೋಡಾಕ ಬಂದಿದ್ರು. ಗ್ವಾಡಿ ಮ್ಯಾಲಿನ ಫೋಟೋ ಯಾರ್ದು ಅಂತ ಕೇಳಿದ್ರು.

"ನನ್ನ ಗಂಡಂದು. ನಮ್ಮವ್ವನ ಖಾಸ ತಮ್ಮ" ಅಂದೆ.

ಬಸು ಅದನ್ನ ಹಿಂದಿ ಭಾಷಾದಾಗ ಹೇಳಿದ ಕೂಡ್ಲೇ ಅವರು ಚಹಾದ ಕಪ್ ಕೆಳಗಿಟ್ರು. "ನಮ್ಮ ಕಡೆ ಒಂದ ಊರಿನ ಹುಡುಗ ಹುಡುಗಿ ಸೈತ ಅಣ್ಣ ತಂಗಿ ಇದ್ದಂಗ. ನೀವು ಮಾಮಾನ್ನ ಮಾಡ್ಕೊಂಡೀರಿ. ಇದಕ್ಕ ಕಾಯ್ದೆ ಒಪ್ತೈತೇನು?"

ರೂಢಿ ಇದ್ದಲ್ಲಿ ಕಾಯ್ದೆ ಅಡ್ಡ ಬರೂದಿಲ್ಲ ಅಂತ ಬಸು ಮೊಬೈಲ್‌ನಾಗ ತಗದು ತೋರ್ಸಿದ. ಅವರ ಮಾರಿ ಸಡ್ಲ ಆಗ್ಲಿಲ್ಲ.

ನಾ ಕೇಳಿದೆ, "ನಿಮ್ಮ ಹೆಂಡ್ತಿ ಮಾರಿ ಮೊದಲ ಯಾವಾಗ ನೋಡಿದ್ರಿ?"

"ಮದುವಿ ಆಗಿ ಮೂರು ದಿನಕ್ಕ. ಅಲ್ಲೀಮಟ ಮಾರಿ ಮ್ಯಾಲ ಸೆರಗಿತ್ತು."

ಹುಟ್ಟಿದಾಗಿಂದ ನೋಡಿದಾವನ್ನ ಮಾಡ್ಕೊಂಡಾಕಿ ನಾನು. ಗುರ್ತಽ ಇಲ್ಲದಾಕಿನ್ನ ಕಟ್ಕೊಂಡಾವ್ರು ಅವರು. ಆದ್ರ ವಿಚಿತ್ರ ಅನ್ನಿಸ್ಕೊಂಡಾಕಿ ನಾನಽ.

"ಮನ್ಯಾಗ ವಿಚಾರ ಮಾಡಿ ಹೇಳ್ತೇವಿ" ಅಂತ ಎದ್ದು ಹೋದ್ರು. ಬಸು ಮಧ್ಯಾಹ್ನ ಒಂದು ತುತ್ತು ಉಂಡಿಲ್ಲ.

ಬೀಗರ, ನಿಮ್ಮ ಮಗಳು ಕನ್ನಡ ಕಲ್ತಾಳ, ಆಕಿ ಕಡಿಂದ ಇದನ್ನ ಓದಿಸ್ಕೋರಿ. ನಾ ಹೆಣ್ಣು ಕೇಳಿದ್ದು ಮೊಮ್ಮಗಗ. ನನ್ನ ಗಂಡನ ಮದುವಿ ಆಗಿ ಮುಗದೈತಿ. ಮುಂದಿನ ತಿಂಗಳು ಬರೂದ್ರೊಳಗ ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ.