ಚಿಟ್ಟೆ ನಂಬರ್ ೧೧೨

ತಾಯಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ವಲಸೆ ಚಿಟ್ಟೆಗಳ ದಾರಿ ತಿಳಿಯಲೆಂದು ಮಾಲೂರಿನಲ್ಲಿ ರೆಕ್ಕೆಗೆ ನಂಬರಿನ ಚೀಟಿ ಅಂಟಿಸಿ ಬಿಟ್ಟು, ಸಿಕ್ಕರೆ ತಿಳಿಸಿ ಎಂದು ಊರೂರಿಗೂ ಕರಪತ್ರ ಹಂಚಿದ್ದೆ. ಬಂದದ್ದು ಒಂದೇ ಕಾರ್ಡು; ಅದನ್ನು ಹಿಡಿದು ಇಲ್ಲಿಗೆ ಓಡಿಬಂದೆ.

ಬರೆದವನು ಇಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯ ಮುನಿಯಪ್ಪ. ಮೊಟ್ಟೆಯಿಟ್ಟ ರೇಷ್ಮೆ ಚಿಟ್ಟೆಗಳನ್ನು ನಂಬರಿನ ಪ್ರಕಾರ ಅರೆದು, ರೋಗವಿದೆಯೇ ಎಂದು ನೋಡುವುದು ಅವನ ಕೆಲಸ. ನಾನು ಬಿಟ್ಟ ೧೧೨ನೇ ನಂಬರಿನ ನೀಲಿ ಚಿಟ್ಟೆಯನ್ನೂ ಅರೆದಿದ್ದ.

“ನಂಬರ್ ಇತ್ತಲ್ಲ ಸಾರ್, ಅರೆದ್ಬಿಟ್ಟೆ. ರೋಗ ಏನೂ ಇಲ್ಲ.”

“ಹಾರೋ ಚಿಟ್ಟೆ ಕಣಯ್ಯ ಅದು! ಬುದ್ಧಿ ಬೇಡ್ವಾ ನಿಂಗೆ?” ಎಂದು ಕೂಗಾಡಿದೆ.

ಅವನು ಜೇಬಿನಿಂದ ನನ್ನ ಕರಪತ್ರ ತೆಗೆದು ಮುಂದೆ ಹಿಡಿದ. “ಸಾಯಿಸ್ಬಾರ್ದು ಅಂತ ಎಲ್ಲಿ ಬರ್ದಿದೀರ, ತೋರ್ಸಿ ಸಾರ್.”

ಎರಡು ಸಲ ಓದಿದೆ. ನನ್ನ ಹೆಸರು, ಡಿಗ್ರಿ, ವಿಳಾಸ ಮಾತ್ರ ದಪ್ಪಕ್ಷರದಲ್ಲಿದ್ದವು.