ಚೆನ್ನಮ್ಮ ತಡೆಹಿಡಿದ ನೀರು

ಜಮಖಂಡಿಯ ಚೆನ್ನಮ್ಮ ಸೂರ್ಯಪ್ರಕಾಶನನ್ನು ಮದುವೆಯಾಗಿ ವಿಜಯವಾಡದ ಪಟಮಟಕ್ಕೆ ಬಂದು ಇಪ್ಪತ್ತಾರು ವರ್ಷ. ಅದರಲ್ಲಿ ಇಪ್ಪತ್ತೆರಡು ಕಳೆದದ್ದು ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ. ಸೀಸೆಯಲ್ಲಿ ಕೃಷ್ಣೆಯ ನೀರಿನ ಬಣ್ಣ ನೋಡಿಯೇ ಯಾವ ತಿಂಗಳೆಂದು ಹೇಳಿಬಿಡುತ್ತಿದ್ದಳು. ಈಚೆಗೆ ಆ ಅಂದಾಜು ತಪ್ಪತೊಡಗಿತ್ತು. ಹದವಾಗಿ ಬರುತ್ತಿದ್ದ ಮಳೆ ವಾರಗಟ್ಟಲೆ ಮುಖ ತೋರಿಸದೆ, ಒಮ್ಮೆಲೇ ಎರಡು ದಿನದಲ್ಲಿ ಸುರಿದುಬಿಡುತ್ತಿತ್ತು. ಆ ವರ್ಷವಂತೂ ಬೇಸಿಗೆಯಲ್ಲಿ ನದಿ ಬತ್ತಿ, ಅವಳ ಓಣಿಗೆ ಟ್ಯಾಂಕರ್ ಬಂದಿತ್ತು. ಸೆಪ್ಟೆಂಬರಿನಲ್ಲಿ ಅದೇ ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತು.

ಪ್ರವಾಹ ಇಳಿದ ದಿನ ಇಂಜಿನಿಯರ್ ಕೃಷ್ಣಚೈತನ್ಯ ಓಡೋಡಿ ಬಂದ.

"ಮೂರು ದಿನದಿಂದ ನಲ್ಲಿಯಲ್ಲಿ ಹನಿ ನೀರಿಲ್ಲ ಮೇಡಂ. ಜನ ಗೇಟಿಗೆ ಬಂದಿದ್ದಾರೆ. ಒಂದು ಸಹಿ ಹಾಕಿ, ನೀರು ಬಿಟ್ಟುಬಿಡೋಣ," ಎಂದು ತೆಲುಗಿನಲ್ಲಿ ಬೇಡಿಕೊಂಡ.

ಪರೀಕ್ಷೆಗೆಂದು ಸ್ವಲ್ಪ ಹೊತ್ತು ಬಿಟ್ಟ ನೀರನ್ನು ಚೆನ್ನಮ್ಮ ಮೂರು ಸಲ ನೋಡಿದ್ದಳು. ತಗ್ಗಿನ ಓಣಿಗಳಲ್ಲಿ ಹಳೆಯ ಕೊಳವೆಯೊಳಗೆ ಚರಂಡಿ ನೀರು ಸೇರಿತ್ತು.

"ಇದನ್ನು ಕುಡಿದರೆ ಮಕ್ಕಳು ಹಾಸಿಗೆ ಹಿಡಿಯುತ್ತವೆ ಸಾರ್. ಕೊಳವೆ ತೊಳೆಸಿ. ಅಲ್ಲಿಯವರೆಗೆ ನಾನು ಸಹಿ ಹಾಕೋದಿಲ್ಲ."

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಮಗಳು ದುರ್ಗಾಭವಾನಿ ಬಾಗಿಲಲ್ಲೇ ನಿಂತಿದ್ದಳು.

"ಅಮ್ಮಾ, ಓಣ್ಯಾಗ ಎಲ್ಲಾರೂ ನಿನ್ನ ಬೈತಾ ಅದಾರ. ಬಾಜೂ ಮನಿ ಉಷಶ್ರೀ ಆಂಟಿ ಬಂದು ಒದರಾಡಿ ಹೋದ್ರು. ಪಾಪುಗೆ ಹಾಲು ಕಲಸಾಕೂ ನೀರಿಲ್ಲಂತ."

"ಬೈಲಿ ಬಿಡವಾ. ನಮ್ಮ ನೀರಿನ ಕ್ಯಾನ್ ಒಯ್ದು ಅವರಿಗೆ ಕೊಟ್ಟ ಬಾ."

"ಮತ್ತ ನಮಗ?"

"ಕಾಸಿ ಆರಿಸಿದ್ದು ಒಂದು ತಂಬಿಗಿ ಐತಿ. ಅಷ್ಟರಾಗ ಸುಧಾರಸೂಣು."

ಮಗಳು ಹೋದ ಮೇಲೆ ಚೆನ್ನಮ್ಮನಿಗೆ ಅನುಮಾನ ಹತ್ತಿತು. ನೀರಡಿಸಿದವರು ಸಿಕ್ಕ ನೀರನ್ನೇ ಕುಡಿದರೆ? ತಡೆದದ್ದೇ ತಪ್ಪಾದರೆ?

ಮರುದಿನದಿಂದ ಕೊಳವೆ ತೊಳೆಯುವವರ ಹಿಂದೆಯೇ, ಸೆರಗು ಸಿಕ್ಕಿಸಿ, ಕೆಸರಲ್ಲಿ ಓಣಿಯಿಂದ ಓಣಿಗೆ ಸೀಸೆ ಹಿಡಿದು ತಿರುಗಿದಳು. ಒಬ್ಬ ಮುದುಕಿ ಅವಳ ಮುಖದ ಮೇಲೇ ಬಾಗಿಲು ಹಾಕಿಕೊಂಡಳು. ಎರಡನೆಯ ದಿನ ಸಂಜೆ ಕೊನೆಯ ಸೀಸೆಯ ನೀರೂ ಶುದ್ಧವೆಂದು ಕಂಡುಬಂತು. ಅವಳು ಸಹಿ ಹಾಕಿದಳು, ನಲ್ಲಿಗಳಲ್ಲಿ ನೀರು ಹರಿಯಿತು.

ಆ ಓಣಿಗಳಲ್ಲಿ ಯಾರೂ ಕಾಯಿಲೆ ಬೀಳಲಿಲ್ಲ. ಬಾರದ ಕಾಯಿಲೆಯನ್ನು ಯಾರಿಗೆ ತೋರಿಸುವುದು? ಉಷಶ್ರೀ ತಿಂಗಳವರೆಗೆ ಮಾತಾಡಲಿಲ್ಲ. ಆಮೇಲೊಂದು ದಿನ ಏನೂ ಆಗಿಲ್ಲವೆಂಬಂತೆ ಕರಿಬೇವು ಕೇಳಿಕೊಂಡು ಬಂದಳು.

ಡಿಸೆಂಬರಿನಲ್ಲಿ ಕೃಷ್ಣಚೈತನ್ಯ ಹಳೆಯ ಕೊಳವೆ ಬದಲಿಸುವ ಕೆಲಸ ಹಿಡಿದ. ಎಲ್ಲಿಂದ ಶುರು ಮಾಡಬೇಕೆಂದು ಅವನು ಮೊದಲು ಕೇಳಿದ್ದು ಚೆನ್ನಮ್ಮನನ್ನು.